ಫಿನಾಯಿಲ್ ಬೆರೆತ ಡಬ್ಬಿ

ಮೂರನೆಯ ಸ್ಯಾಂಪಲ್‌ನಲ್ಲೂ ಏನೂ ಕಾಣಲಿಲ್ಲ...

ತಾಲ್ಲೂಕು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಮಹಾಬಳೇಶ ಕಣ್ಣುಜ್ಜಿಕೊಂಡು ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದ.

ಮಕ್ಕಳ ವಾರ್ಡಿನಲ್ಲಿ ಆರು ವರ್ಷದ ಹುಲಿಗೆವ್ವ ಎಂಟು ದಿನಗಳಿಂದ ರಕ್ತಭೇದಿಯಲ್ಲಿ ಕರಗುತ್ತಿದ್ದಳು.

"ನಿಮ್ಮ ರಿಪೋರ್ಟ್ ನಂಬಿ ಎರಡು ಔಷಧ ಬದಲಿಸೀನಿ," ಡಾಕ್ಟರ್ ಬೆಳಿಗ್ಗೆ ಗದರಿದ್ದರು. "ಇವತ್ತು ರೋಗಾಣು ಸಿಗಲಿಲ್ಲಂದ್ರ ಕೂಸು ಕೈಬಿಟ್ಟು ಹೋಗ್ತದ!"

ಈವರೆಗೆ ಮುಖ ತಿರುಗಿಸಿಕೊಂಡೇ ಮಲದ ಡಬ್ಬಿ ತೆರೆಯುತ್ತಿದ್ದವನು, ಅಂದು ಮೊದಲ ಬಾರಿಗೆ ಹುಲಿಗೆವ್ವನ ಡಬ್ಬಿಯನ್ನು ಮೂಗಿನ ಹತ್ತಿರ ತಂದ...

ಫಿನಾಯಿಲ್ ವಾಸನೆ!

ಅವನು ವಾರ್ಡಿಗೆ ಧಾವಿಸಿ, ಹುಡುಗಿಯ ತಾಯಿ ದುರುಗವ್ವನ ಮೇಲೆ ಹರಿಹಾಯ್ದ. "ಬುದ್ಧಿ ಐತೇನು ನಿನಗ? ಇದಕ್ಯಾಕ ಫಿನಾಯಿಲ್ ಹಾಕೀದಿ? ರೋಗಾಣು ಸತ್ತು ಹೋದ್ರ ನಾ ಏನ್ ನೋಡ್ಲಿ?"

ಹತ್ತಿ ಗಿರಣಿಯ ಆ ಕೂಲಿ ಹೆಂಗಸು ಗೋಡೆಗೆ ಒತ್ತಿ ನಿಂತಳು.

"ತಪ್ಪಾತ್ರಿ ಸಾಹೇಬ್ರ... ಮೊದಲನೇ ದಿನ ನೀವು ಮೂಗು ಮುಚ್ಕೊಂಡು 'ಥೂ, ಏನ್ ಹೊಲಸು ತರ್ತೀರಿ, ಒಯ್ಯಿ ಆಚಿ' ಅಂದ್ರಿ... ನೋಡದ ಬಿಟ್ಟೀರಿ ಅಂತ ಅಂಜಿ, ಕಸ ಹೊಡ್ಯೋ ಅಕ್ಕನ ಕಡೆ ಎರಡು ಮುಚ್ಚಳ ಫಿನಾಯಿಲ್ ಇಸ್ಕೊಂಡು ಹಾಕಿದ್ನಿರಿ... ವಾಪಸ್ ಒಯ್ದ ಆ ಡಬ್ಬಿಗೂ, ಆಮ್ಯಾಲಿನ ಎರಡಕ್ಕೂ. ನಿಮಗ ನಾತ ಬರಬಾರದಂತ..."

ಪಕ್ಕದ ಮಂಚದ ಮುದುಕಿ ಸುಮ್ಮನಿರಲಿಲ್ಲ.

"ಅಲ್ಲೋ ತಮ್ಮಾ, ಸಣ್ಣಾಂವಿದ್ದಾಗ ನಿನ್ನ ತೊಳೀವಾಗ ನಿಮ್ಮವ್ವನೂ ಹಿಂಗ ಮೂಗು ಮುಚ್ಕೊಂಡಿದ್ಲೇನು?"

ಮಹಾಬಳೇಶ ತಿರುಗಿ ಲ್ಯಾಬಿಗೆ ನಡೆದ.

ಹೊಸ ಡಬ್ಬಿ ತಂದು, ಮಂಚದ ಬಳಿ ತಾನೇ ಕಾದು ಕುಳಿತ. ಮುಕ್ಕಾಲು ಗಂಟೆ... ಹುಡುಗಿಯ ಉಸಿರು ಎಣಿಸುತ್ತ...

ಕೊನೆಗೆ ಇನ್ನೂ ಬೆಚ್ಚಗಿದ್ದ ಸ್ಯಾಂಪಲ್ಲನ್ನು ಕೈಯಲ್ಲಿ ಹಿಡಿದು, ಜನರ ನಡುವೆಯೇ ಓಡಿದ.

ಗಾಜಿನ ಮೇಲೆ ಒಂದು ಹನಿ... ಅಲ್ಲಿತ್ತು! ರಕ್ತಕಣಗಳನ್ನು ನುಂಗಿ ನಿಧಾನವಾಗಿ ತೆವಳುತ್ತಿದ್ದ ಅಮೀಬಾ!

ಆ ಗಂಟೆಯೇ ಔಷಧ ಬದಲಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಹುಲಿಗೆವ್ವ ಕಣ್ಣು ತೆರೆದು, "ಯವ್ವಾ, ಹಸಿವಾಗೇತಿ," ಎಂದಳು.

ದುರುಗವ್ವ ಅಳುತ್ತ ಅವನಿಗೆ ಕೈಮುಗಿದಳು. ಅವನು ಆ ಕೈಗಳನ್ನು ಹಿಡಿದುಕೊಂಡ.

"ನನಗ ಕೈ ಮುಗೀಬ್ಯಾಡವ್ವಾ... ಇಷ್ಟು ದಿನ ನಿನ್ನ ಮಗಳನ್ನ ನರಳಿಸಿದ್ದು ಆ ರೋಗ ಅಷ್ಟ ಅಲ್ಲ, ನಾನೂ."

ರೋಗಿಯ ಮುಂದೆ ಮುಖ ಸಿಂಡರಿಸುವವನು ರೋಗದ ಪಕ್ಷ ವಹಿಸುತ್ತಾನೆ.

ಇಂದು ನಿಮ್ಮ ಮೇಜಿನ ಮುಂದೆ ಯಾರೋ ಅಂಜುತ್ತ ಬಂದು ನಿಂತಾಗ... ನಿಮ್ಮ ಮುಖ ಹೇಗಿತ್ತು?