ಕತ್ತಿಮಗ್ಗುಲು

ಕುದುರೆಯ ಎಡಬದಿಗೆ ಆ ಲಾಯದಲ್ಲಿ ಕತ್ತಿಮಗ್ಗುಲು ಎಂದೇ ಹೆಸರು. ಸವಾರಿ ಕಲಿಯಲು ಬಂದವರಿಗೆಲ್ಲ ಉಸ್ತಾದರು ಮೊದಲ ದಿನವೇ ಆ ಹೆಸರಿನ ಹುಟ್ಟು ಹೇಳುತ್ತಿದ್ದರು.

"ಹಿಂದಿನ ಸವಾರರ ಸೊಂಟದಲ್ಲಿ ಎಡಕ್ಕೆ ಕತ್ತಿ ತೂಗ್ತಿತ್ತು ಕಣ್ರೋ. ಬಲಗಡೆಯಿಂದ ಹತ್ತಿದ್ರೆ ಅದು ಕಾಲಿಗೆ ಸಿಕ್ಕೋದು. ಅದಕ್ಕೇ ಎಡದಿಂದ ಹತ್ತೋರು. ಕತ್ತಿ ಹೋಯ್ತು, ಕಟ್ಟಳೆ ಹೋಗ್ಲಿಲ್ಲ."

ಕುದುರೆಗೂ ಅದೇ ಪಾಠ. ಬಲಗಡೆಯಿಂದ ಯಾರೇ ಹತ್ತಲು ಬರಲಿ, ಅದು ಸರಿದುಬಿಡಬೇಕು. ಸರಿದರೆ ಉಸ್ತಾದರ ಜೇಬಿನಿಂದ ಒಂದು ಚೂರು ಬೆಲ್ಲ.

ಈ ವರ್ಷ ಲಕ್ವ ಹೊಡೆದು ಅವರ ಎಡಗಾಲು ಬಿದ್ದುಹೋಯಿತು.

"ಕುದುರೆ ಏರಿ ತೋರಿಸಿ, ಕೆಲಸ ಉಳಿಯುತ್ತೆ. ಆಗ್ಲಿಲ್ವೋ, ಇವತ್ತಿಗೇ ಮುಗೀತು," ಎಂದರು ಲಾಯದ ಸಾಹೇಬರು, ಗಡಿಯಾರ ನೋಡುತ್ತ.

ಮೂರು ಸಲ ಯತ್ನಿಸಿದರು. ಎಡಗಾಲು ಜೀನಿನಿಂದ ತೂಗುವ ರಿಕಾಪಿನಲ್ಲಿ ನಿಲ್ಲಲೇ ಇಲ್ಲ.

"ಬಲಗಡೆಯಿಂದ ಹತ್ತಿ ಉಸ್ತಾದ್ರೇ, ನಾನು ಎತ್ತಿ ಕೂರಿಸ್ತೀನಿ," ಎಂದಳು ಅವರ ಶಿಷ್ಯೆ.

"ಬೇಡಮ್ಮ."

"ನಿಮ್ಮನ್ನೇ ಬೀಳಿಸುತ್ತಾ ಅದು? ಹದಿನಾಲ್ಕು ವರ್ಷ ಸಾಕಿದ್ದೀರಿ!"

"ಬರೀ ಸಾಕಿದ್ದಿದ್ರೆ ಚೆನ್ನಾಗಿತ್ತು."

ಆದರೂ ಊರುಗೋಲು ಬಿಟ್ಟು, ಅವಳ ಹೆಗಲು ಹಿಡಿದು ಬಲಕ್ಕೆ ಬಂದರು. ಬಲಗಾಲನ್ನು ರಿಕಾಪಿಗಿಟ್ಟರು. ಕುದುರೆ ಮೆಲ್ಲಗೆ, ಕಲಿಸಿದಷ್ಟೇ, ಎರಡು ಹೆಜ್ಜೆ ಸರಿಯಿತು. ಉಸ್ತಾದರು ಅವಳ ಕೈಜಾರಿ ಮಣ್ಣಿಗೆ ಬಿದ್ದರು. ಸಾಹೇಬರು ತಿರುಗಿ ನಡೆದರು.

ಕುದುರೆ ಮಾತ್ರ ಅಲ್ಲೇ ನಿಂತು, ಕತ್ತು ಬಗ್ಗಿಸಿ, ಬಿದ್ದವರ ಜೇಬಿಗೆ ಮೂತಿ ತೂರಿಸಿ ಬೆಲ್ಲ ಹುಡುಕತೊಡಗಿತು.