ಕಡಿಮೆ ಮತದವರು ಮೊದಲು

ಬದುಕಲು ಎಷ್ಟು ವರ್ಷ ಉಳಿದಿದೆಯೋ ಅಷ್ಟು ಮತ. ಚುನಾವಣೆಗೆ ಮುಂಚೆ ಸರ್ಕಾರ ಎಲ್ಲರ ಮನೆಗೂ ಅವರವರ ಮತದ ಸಂಖ್ಯೆ ಬರೆದ ಚೀಟಿ ಕಳಿಸುತ್ತದೆ. ಹಾಗಾಗಿ ಅಭ್ಯರ್ಥಿ ವೀರನಗೌಡರು ಬೆಟಗೇರಿಯ ಚರ್ಚಿಗೆ ಬಂದದ್ದು ಯುವಜನ ಸಂಘದ ಸಭೆಗೆ. ಐವತ್ತು, ಅರವತ್ತು ಮತವಿದ್ದ ಹುಡುಗರ ಕೈಯನ್ನೆಲ್ಲ ಬಿಡದೆ ಕುಲುಕಿದರು.

ಆದರೆ ಆ ಚರ್ಚಿನಲ್ಲಿ ಪ್ರಶ್ನೆ ಕೇಳುವ ಸರದಿ ಕಡಿಮೆ ಮತದವರಿಂದ ಶುರುವಾಗುತ್ತದೆ. ಗೌಡರು ಒಂಬತ್ತು ಮತದ ಮುದಿ ಪಾಸ್ಟರ್ ದೇವಪುತ್ರರ ಕಡೆ ತಿರುಗಿದರು. ಪಾಸ್ಟರ್ ಏಳಲಿಲ್ಲ. ಹತ್ತೊಂಬತ್ತು ವರ್ಷದ ಸಲೋಮಿ ಎದ್ದಳು.

"ನಮ್ಮ ಓಣಿಗೆ ನಳ ಯಾವಾಗ ಬರ್ತೈತ್ರಿ?"

"ಮುಂದಿನ ವರ್ಷ ಗ್ಯಾರಂಟಿ ಹಾಕಸ್ತೀನಿ, ತಂಗಿ."

ಸಲೋಮಿ ತನ್ನ ಚೀಟಿ ಬಿಚ್ಚಿ ತೋರಿಸಿದಳು.

"ನಂದು ಒಂದ ವೋಟ್ ಐತ್ರಿ. ಈ ವರ್ಷದ ಮಾತು ಹೇಳ್ರಿ."