ಬಾಡಿಗೆ ಕಾಗೆ

ಲೋಕದಲ್ಲಿ ಹಾಲು, ಸಕ್ಕರೆ, ಗೋಧಿ ಇಲ್ಲವಾದ ಮೇಲೆ ಸುಂದರಮ್ಮ ಗಂಡನ ತಿಥಿಯ ಗೋಧಿ ಪಾಯಸವನ್ನು ತೆಂಗಿನ ಹಾಲು, ಖರ್ಜೂರ, ನವಣೆಯಲ್ಲಿ ಮಾಡುತ್ತಿದ್ದರು. ಕಾಗೆಗಳೂ ಉಳಿದಿರಲಿಲ್ಲ. ಸತ್ತವರ ಸ್ವಭಾವ ತುಂಬಿದ ಯಂತ್ರದ ಕಾಗೆ ಬಾಡಿಗೆಗೆ ಸಿಗುತ್ತಿತ್ತು. ಅದು ಎಡೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿರಲಿಲ್ಲ.

ಈ ಸಲ ತಾರಸಿಗೆ ಬಂದ ಕಾಗೆ ಪಾಯಸ ಮೂಸಿ ನೋಡಿ, ಎಲೆಯನ್ನೇ ಒದ್ದು ಕೆಡವಿತು.

“ಅಪ್ಪನ ಸ್ವಭಾವ ಯಾಕಮ್ಮಾ ತುಂಬಿಸ್ದೆ? ಏನು ಇಟ್ರೂ ತಿನ್ನೋ ಸಾದಾ ಕಾಗೆ ಸಿಗತ್ತಲ್ಲ” ಎಂದಳು ಮಗಳು ವಾರಿಜಾ.

“ಹೋದ ವರ್ಷ ಅದನ್ನೇ ತರಿಸಿದ್ದೆ. ಇಟ್ಟ ತಕ್ಷಣ ತಿಂದ್ಬಿಡ್ತು. ಅವರೇ ಬಂದ್ರು ಅಂತ ಅನ್ನಿಸ್ಲೇ ಇಲ್ಲ ಕಣೇ.”

ಸುಂದರಮ್ಮ ಹೊಸ ಎಲೆ ಹಾಸಿ, ಮತ್ತೆ ಪಾಯಸ ಬಡಿಸಲು ಬಗ್ಗಿದರು. ಕಾಗೆ ರೆಕ್ಕೆ ಎತ್ತಿತು. ಅವರ ಎಡಗೈ ತಾನಾಗಿಯೇ ಮೇಲೆದ್ದು ಕೆನ್ನೆಗೆ ಅಡ್ಡವಾಯಿತು.